ಶಾಲಾ ಮಕ್ಕಳ ಆರೋಗ್ಯ ಸೇವೆ ಮತ್ತು ಸಾರ್ವಜನಿಕ ಆರೋಗ್ಯ ವಿಮೆ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗ ಪಾಲಕರು ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ



ನಾನು ವೈದ್ಯನಲ್ಲ, ವಿಮಾ ತಜ್ಞನೂ ಅಲ್ಲ. ಸರ್ಕಾರದ ಯೋಜನೆಗಳ ವಿವರಗಳನ್ನು ಕನ್ನಡಕ್ಕೆ ತರುವುದು ನನ್ನ ವೃತ್ತಿ. ಕಾಗದದ ಮೇಲೆ ಒಂದು ಯೋಜನೆ ಎಷ್ಟು ಸ್ಪಷ್ಟವಾಗಿದ್ದರೂ ಅದು ಯಾರಿಗಾಗಿ ರೂಪುಗೊಂಡಿದೆಯೋ ಅವರಿಗೆ ಅರ್ಥವಾಗದಿದ್ದಲ್ಲಿ ಅನುವಾದಕನ ಶ್ರಮ ವ್ಯರ್ಥವೇ ಸರಿ. ಈ ಮಾತು ನನಗೆ ಮನದಟ್ಟಾದದ್ದು ಕಚೇರಿಯಲ್ಲಿ ಅಲ್ಲ, ಇದೇ ಪುಣೆಯ ಹೊರವಲಯದ ಒಂದು ಕಟ್ಟಡ ಕಾಮಗಾರಿಯ ಬಳಿ.

ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಒಬ್ಬ ತಾಯಿ ನನ್ನ ಮುಂದೆ ತಮ್ಮ ಆಯುಷ್ಮಾನ್ ಕಾರ್ಡನ್ನು ಹಿಡಿದು ಕೇಳಿದ ಪ್ರಶ್ನೆ ಇದು: "ಈ ಕಾರ್ಡ್ ಇದ್ರ ಎಲ್ಲಾ ಪುಕ್ಕಟ ಅಂದಿದ್ರಲ್ರೀ ಸರ. ಐದು ಲಕ್ಷ ಕೊಡ್ತಾರಂತ. ನನ್ನ ಮಗಳಿಗಿ ಒಂದು ಚಸ್ಮಾ ಯಾಕ ಕೊಡವಲ್ರು?" ಮಗಳು ಸಮೀಪದ ಶಾಲೆಯ ನಾಲ್ಕನೆಯ ತರಗತಿಯಲ್ಲಿದ್ದಳು. ಕಪ್ಪು ಹಲಗೆಯ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ತಾಯಿ ಒಂದು ದಿನದ ಕೂಲಿಯನ್ನು ಬಿಟ್ಟು ಮಗಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಈ ಕಾರ್ಡಿನಲ್ಲಿ ಕನ್ನಡಕ ಬರುವುದಿಲ್ಲವೆಂದು ಹೇಳಿ ಅಲ್ಲಿಂದ ಕಳುಹಿಸಿದ್ದರು.

ಆಸ್ಪತ್ರೆಯವರು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿತ್ತು. ತಾಯಿ ಕೇಳಿದ್ದೂ ನ್ಯಾಯವಾಗಿತ್ತು. ಈ ಎರಡರ ನಡುವೆ ಇರುವ ಅಂತರವೇ ಇಂದಿನ ನನ್ನ ಭಾಷಣದ ವಿಷಯ.

ಪುಣೆಯ ಪರಂಪರೆ

ಶಾಲೆ ಮತ್ತು ಆರೋಗ್ಯ ಒಂದಕ್ಕೊಂದು ಸಂಬಂಧಿಸಿದ ವಿಷಯಗಳೆಂಬುದನ್ನು ಪುಣೆಯ ಜನತೆಗೆ ವಿಶೇಷವಾಗಿ ಹೇಳಬೇಕಾಗಿಲ್ಲ. 1848ರಲ್ಲಿ ಇಲ್ಲಿನ ಭಿಡೆವಾಡೆಯಲ್ಲಿ ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಅದೇ ಸಾವಿತ್ರಿಬಾಯಿಯವರು 1897ರಲ್ಲಿ ಪುಣೆಯನ್ನು ಪ್ಲೇಗ್ ಆವರಿಸಿದಾಗ, ಮುಂಢವಾದಲ್ಲಿ ಸೋಂಕು ತಗುಲಿದ್ದ ಒಬ್ಬ ಬಾಲಕನನ್ನು ಬೆನ್ನ ಮೇಲೆ ಹೊತ್ತು, ವೈದ್ಯರಾಗಿದ್ದ ತಮ್ಮ ದತ್ತುಪುತ್ರ ಯಶವಂತರ ಚಿಕಿತ್ಸಾಲಯಕ್ಕೆ ತಲುಪಿಸಿದರು. ಬಾಲಕ ಬದುಕಿದ. ಸೋಂಕು ತಗುಲಿದ ಆ ಶಿಕ್ಷಕಿ 1897ರ ಮಾರ್ಚ್ 10ರಂದು ನಿಧನರಾದರು. ಮಗುವನ್ನು ಗುರುತಿಸಿ ವೈದ್ಯರ ಬಳಿಗೆ ತಲುಪಿಸುವುದು ಶಿಕ್ಷಕರ ಧರ್ಮವೆಂಬುದಕ್ಕೆ ಇದಕ್ಕಿಂತ ಹಿರಿದಾದ ನಿದರ್ಶನ ಬೇಕಿಲ್ಲ.

ಇತ್ತೀಚಿನ ಕಾಲದ ಇನ್ನೊಂದು ನೆನಪೂ ಇದೇ ನಗರದ್ದು. 2009ರ ಆಗಸ್ಟ್ 3ರಂದು ಎಚ್1ಎನ್1 ಜ್ವರದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಪುಣೆಯ ಹದಿನಾಲ್ಕು ವರ್ಷದ ಒಬ್ಬ ಶಾಲಾ ವಿದ್ಯಾರ್ಥಿನಿಯದು. ಆಗ ನಗರದ ಶಾಲೆಗಳನ್ನು ಮುಚ್ಚಬೇಕಾಯಿತು. ಮಕ್ಕಳು ಒಂದೆಡೆ ಸೇರುವ ಸ್ಥಳವಾದ್ದರಿಂದ ರೋಗವು ಶಾಲೆಯಲ್ಲಿ ಬೇಗ ಹರಡುತ್ತದೆ. ಅದೇ ಕಾರಣದಿಂದ ರೋಗವನ್ನು ಬೇಗ ಗುರುತಿಸಲು ಸಾಧ್ಯವಾಗುವುದೂ ಶಾಲೆಯಲ್ಲಿಯೇ.

ಶಾಲಾ ಆರೋಗ್ಯ ಸೇವೆ ಬೆಳೆದು ಬಂದ ಬಗೆ

ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಆರಂಭವಾದದ್ದು 1909ರಲ್ಲಿ, ಬರೋಡಾ ನಗರದಲ್ಲಿ. 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯು ಶಾಲಾ ಆರೋಗ್ಯ ಸೇವೆ ದೇಶದಲ್ಲಿ ಬಹುಮಟ್ಟಿಗೆ ಇಲ್ಲವೆಂದೇ ಅಭಿಪ್ರಾಯಪಟ್ಟಿತು. 1953ರಲ್ಲಿ ಮಾಧ್ಯಮಿಕ ಶಿಕ್ಷಣ ಆಯೋಗವು ವಿದ್ಯಾರ್ಥಿಗಳ ವೈದ್ಯಕೀಯ ತಪಾಸಣೆಯ ಅಗತ್ಯವನ್ನು ಒತ್ತಿ ಹೇಳಿತು. 1960ರಲ್ಲಿ ಶ್ರೀಮತಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯ ಸಮಿತಿಯೊಂದು ನೇಮಕಗೊಂಡು ಮರುವರ್ಷ ತನ್ನ ಶಿಫಾರಸುಗಳನ್ನು ಸಲ್ಲಿಸಿತು.

ಇಂದು ಜಾರಿಯಲ್ಲಿರುವ ವ್ಯವಸ್ಥೆಯ ಮುಖ್ಯ ಅಂಗ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಇದಕ್ಕೆ 2013ರ ಫೆಬ್ರವರಿ 6ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿಯೇ ಚಾಲನೆ ದೊರೆಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ನ್ಯೂನತೆ, ರೋಗ, ಪೋಷಕಾಂಶಗಳ ಕೊರತೆ ಮತ್ತು ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಬಗೆಯ ತೊಂದರೆಗಳನ್ನು ಆರಂಭದಲ್ಲೇ ಪತ್ತೆಹಚ್ಚುವುದು ಇದರ ಉದ್ದೇಶ. ಸೀಳುತುಟಿ, ಹುಟ್ಟಿನಿಂದ ಬಂದ ಹೃದಯದ ದೋಷ, ಕಿವುಡುತನ, ದೃಷ್ಟಿದೋಷ, ರಕ್ತಹೀನತೆ ಮುಂತಾದವು ಇದರ ಪಟ್ಟಿಯಲ್ಲಿ ಸೇರಿವೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ದಾದಿ ಮತ್ತು ಒಬ್ಬ ಔಷಧ ವಿತರಕರನ್ನು ಒಳಗೊಂಡ ಸಂಚಾರಿ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಸಲ ಭೇಟಿ ನೀಡುತ್ತದೆ. ತೊಂದರೆ ಕಂಡುಬಂದ ಮಕ್ಕಳನ್ನು ಮೇಲ್ಮಟ್ಟದ ಆಸ್ಪತ್ರೆಗೆ ಕಳುಹಿಸಿ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯನ್ನೂ ಉಚಿತವಾಗಿ ಒದಗಿಸಲಾಗುತ್ತದೆ. ದೃಷ್ಟಿದೋಷವುಳ್ಳ ಬಡ ಮಕ್ಕಳಿಗೆ ಉಚಿತ ಕನ್ನಡಕ ನೀಡುವ ಅವಕಾಶ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ.

ಇದರೊಂದಿಗೆ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನೀಡುವ ಕಾರ್ಯಕ್ರಮ, 2015ರಿಂದ ನಡೆದು ಬಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ, ಹಾಗೂ 2020ರ ಫೆಬ್ರವರಿ 12ರಂದು ಆರಂಭವಾದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ ಇವೆ. ಕೊನೆಯದರಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ, ತರಬೇತಿ ಪಡೆದು ಆರೋಗ್ಯ ರಾಯಭಾರಿಗಳಾಗಿ ಕೆಲಸ ಮಾಡಬೇಕೆಂದು ಗೊತ್ತುಪಡಿಸಲಾಗಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಸೇವೆಗಳಿಗೆ ಹಣ ಬರುವುದು ಮುಖ್ಯವಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ, ಅಂದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ವಾರ್ಷಿಕ ಆಯವ್ಯಯದಿಂದ. ಅದು ವಿಮೆಯ ಹಣವಲ್ಲ.

ವಿಮೆಯ ವ್ಯಾಪ್ತಿ

ಇನ್ನು ವಿಮೆಯ ವಿಚಾರಕ್ಕೆ ಬರೋಣ. ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯು 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಆರಂಭವಾಯಿತು. ಅರ್ಹ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆ ಇದರಲ್ಲಿ ದೊರೆಯುತ್ತದೆ. ಕುಟುಂಬದ ಸದಸ್ಯರ ಸಂಖ್ಯೆಗಾಗಲಿ ವಯಸ್ಸಿಗಾಗಲಿ ಮಿತಿಯಿಲ್ಲ. ಬಹುತೇಕ ರಾಜ್ಯಗಳಲ್ಲಿ ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60 ಮತ್ತು 40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ.

ಮಹಾರಾಷ್ಟ್ರದಲ್ಲಿ ಇದಕ್ಕೆ ಮೊದಲೇ ರಾಜ್ಯದ ಯೋಜನೆಯೊಂದಿತ್ತು. 2012ರ ಜುಲೈ 2ರಂದು ಸೋಲಾಪುರವೂ ಸೇರಿದಂತೆ 8 ಜಿಲ್ಲೆಗಳಲ್ಲಿ ಆರಂಭವಾಗಿ, 2013ರಲ್ಲಿ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದ ಆ ಯೋಜನೆಗೆ 2017ರಲ್ಲಿ ಮಹಾತ್ಮಾ ಜೋತಿಬಾ ಫುಲೆ ಜನ ಆರೋಗ್ಯ ಯೋಜನೆಯೆಂದು ನಾಮಕರಣವಾಯಿತು. 2020ರಿಂದ ಅದು ಕೇಂದ್ರದ ಯೋಜನೆಯೊಂದಿಗೆ ಸೇರಿ ನಡೆಯತೊಡಗಿತು. ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕವು ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ವಿಲೀನಗೊಂಡಿತು. ಅಲ್ಲಿ ವಿಮಾ ಕಂಪನಿಯ ಬದಲಾಗಿ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗಳಿಗೆ ನೇರವಾಗಿ ಹಣ ಪಾವತಿಸುತ್ತದೆ. ಜನಸಾಮಾನ್ಯರು ಎರಡನ್ನೂ ವಿಮೆಯೆಂದೇ ಕರೆಯುತ್ತಾರೆ.

ಈ ಎಲ್ಲ ಯೋಜನೆಗಳ ಸಾಮಾನ್ಯ ಲಕ್ಷಣವೇನು? ರೋಗಿಯು ಆಸ್ಪತ್ರೆಗೆ ದಾಖಲಾದ ಮೇಲೆ ಆಗುವ ವೆಚ್ಚವನ್ನು ಭರಿಸುವುದು ಇವುಗಳ ಮುಖ್ಯ ಕೆಲಸ. ದಾಖಲಾಗುವುದಕ್ಕೆ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ವೆಚ್ಚವೂ ಕೇಂದ್ರ ಯೋಜನೆಯಲ್ಲಿ ಸೇರುತ್ತದೆ. ಆದರೆ ಹೊರರೋಗಿಯಾಗಿ ತೋರಿಸಿಕೊಂಡು ಬರುವ ಮಗುವಿನ ಚೀಟಿ, ಮಾತ್ರೆ, ಕನ್ನಡಕ ಇವು ಸೇರುವುದಿಲ್ಲ. ಕಾರ್ಮಿಕರ ರಾಜ್ಯ ವಿಮೆ ಇದಕ್ಕೊಂದು ಅಪವಾದ. 1948ರ ಕಾಯಿದೆಯಂತೆ ಆರಂಭವಾದ ಈ ವ್ಯವಸ್ಥೆಯಲ್ಲಿ ವಿಮಾದಾರ ಕಾರ್ಮಿಕರ ಮಕ್ಕಳಿಗೆ ಹೊರರೋಗಿ ಚಿಕಿತ್ಸೆಯೂ ದೊರೆಯುತ್ತದೆ. ಪುಣೆ ಮತ್ತು ಪಿಂಪ್ರಿ ಚಿಂಚವಾಡದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಅನೇಕ ಬಂಧುಗಳು ಇದರ ಪ್ರಯೋಜನ ಪಡೆದಿದ್ದಾರೆ. ಗುತ್ತಿಗೆಯ ಗಾರೆ ಕೆಲಸದವರಿಗೆ ಈ ಅನುಕೂಲ ಸಾಮಾನ್ಯವಾಗಿ ದೊರೆತಿಲ್ಲ.

ಎರಡು ಬಾಗಿಲುಗಳು

ಆ ತಾಯಿಯ ಪ್ರಶ್ನೆಗೆ ಈಗ ಉತ್ತರ ಸಿಗುತ್ತದೆ. ಅವರು ಸರಿಯಾದ ಹಕ್ಕನ್ನು ಹಿಡಿದು ಬೇರೆ ಬಾಗಿಲನ್ನು ತಟ್ಟಿದ್ದರು. ಕನ್ನಡಕದ ಬಾಗಿಲು ಆಸ್ಪತ್ರೆಯ ವಿಮಾ ಕಿಟಕಿಯಲ್ಲಿರಲಿಲ್ಲ, ಶಾಲೆಯಲ್ಲಿತ್ತು. ಹಾಗಾದರೆ ಶಾಲೆಗೆ ತಪಾಸಣಾ ತಂಡ ಬಂದಿರಲಿಲ್ಲವೇ? ಬಂದಿತ್ತು. ಆ ವಾರ ಕುಟುಂಬವು ಊರ ಜಾತ್ರೆಗೆ ಹೋಗಿತ್ತು. ತಂಡವು ಮತ್ತೆ ಬರುವುದು ಮರುವರ್ಷ. ಅಷ್ಟರಲ್ಲಿ ಕಾಮಗಾರಿ ಮುಗಿದು ಕುಟುಂಬವು ಬೇರೆಡೆಗೆ ಹೋಗಿರುತ್ತದೆ. ಶಿಕ್ಷಕಿಯು ಬರೆದುಕೊಟ್ಟ ಒಂದು ಚೀಟಿಯೊಂದಿಗೆ ಸರ್ಕಾರಿ ನೇತ್ರ ವಿಭಾಗಕ್ಕೆ ಹೋಗಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಅನುವಾದಿಸಿದ ಕರಪತ್ರದಲ್ಲಿಯೂ 5 ಲಕ್ಷದ ಮಾತು ದಪ್ಪ ಅಕ್ಷರದಲ್ಲಿತ್ತು. ಈ ಮಾತು ಇರಲಿಲ್ಲ. ಅಂದು ಆ ಶಿಕ್ಷಕಿಯನ್ನು ಕಂಡು ಚೀಟಿ ಬರೆಸಿದೆವು. ಹುಡುಗಿಗೆ ಕನ್ನಡಕ ದೊರೆಯಿತು. ಆದರೆ ಒಬ್ಬ ಅನುವಾದಕ ಅಕಸ್ಮಾತ್ತಾಗಿ ಎದುರಾದರೆ ಮಾತ್ರ ದೊರೆಯುವ ಸೌಲಭ್ಯವನ್ನು ಸೌಲಭ್ಯವೆನ್ನಲಾಗದು.

ಕನ್ನಡಕವೊಂದರ ಮಾತಷ್ಟೇ ಇದಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59.1ರಷ್ಟು, ಅದೇ ವಯಸ್ಸಿನ ಹುಡುಗರಲ್ಲಿ ಶೇಕಡಾ 31.1ರಷ್ಟು ಮಂದಿಗೆ ರಕ್ತಹೀನತೆಯಿತ್ತು. ರಕ್ತಹೀನತೆಯುಳ್ಳ ಹುಡುಗಿ ಆಸ್ಪತ್ರೆಗೆ ದಾಖಲಾಗುವುದಿಲ್ಲ. ಆಕೆ ತರಗತಿಯಲ್ಲಿಯೇ ಇರುತ್ತಾಳೆ. ಬೇಗ ದಣಿಯುತ್ತಾಳೆ, ಪಾಠದಲ್ಲಿ ಹಿಂದೆ ಬೀಳುತ್ತಾಳೆ, ಕೊನೆಗೆ ಶಾಲೆಯನ್ನೇ ಬಿಡುತ್ತಾಳೆ. ವಿಮೆಯ ಲೆಕ್ಕದಲ್ಲಿ ಆಕೆ ಕಾಣಿಸುವುದೇ ಇಲ್ಲ. ಹಾಗೆಯೇ, ಗಂಟಲು ನೋವಿಗೆ ಸಕಾಲದಲ್ಲಿ ಸರಿಯಾದ ಔಷಧಿ ದೊರೆಯದೆ ಕೀಲುವಾತ ಜ್ವರಕ್ಕೆ ತಿರುಗಿ, ಮಗುವಿನ ಹೃದಯದ ಕವಾಟಗಳು ಕೆಡಬಹುದು. ಕವಾಟದ ಶಸ್ತ್ರಚಿಕಿತ್ಸೆಗೆ ವಿಮೆಯು ದೊಡ್ಡ ಮೊತ್ತವನ್ನು ಭರಿಸುತ್ತದೆ. ಅದನ್ನು ತಡೆಯಬಹುದಾಗಿದ್ದ ಅಲ್ಪ ವೆಚ್ಚದ ಔಷಧಿಗೆ ಅದರಲ್ಲಿ ಸ್ಥಾನವಿಲ್ಲ. ಬೇಲಿ ಹಾಕುವ ಖರ್ಚನ್ನು ಉಳಿಸಿ, ಬೆಳೆ ಮೇಯ್ದು ಹೋದ ಮೇಲೆ ಪರಿಹಾರ ಕೊಟ್ಟಂತೆ ಇದು.

ಅನ್ಯ ದೇಶಗಳ ಅನುಭವ

ಹಾಗಾದರೆ ವಿಮೆಯ ಹಣವನ್ನು ಶಾಲೆಯೊಳಗಿನ ಆರೋಗ್ಯ ಸೇವೆಗೂ ಬಳಸಲು ಸಾಧ್ಯವೇ? ಕೆಲವು ದೇಶಗಳು ಈ ದಾರಿಯಲ್ಲಿ ನಡೆದಿವೆ.

ಅಮೆರಿಕದಲ್ಲಿ ಬಡವರಿಗಾಗಿ 1965ರಲ್ಲಿ ಮೆಡಿಕೇಡ್ ಎಂಬ ಸಾರ್ವಜನಿಕ ವಿಮೆ ಆರಂಭವಾಯಿತು. 1967ರಲ್ಲಿ ಮಕ್ಕಳ ನಿಯತಕಾಲಿಕ ತಪಾಸಣೆಯನ್ನು ಅದರಲ್ಲಿ ಸೇರಿಸಲಾಯಿತು. ಅಂಗವಿಕಲ ಮಕ್ಕಳಿಗೆ ಶಾಲೆಯಲ್ಲಿ ನೀಡುವ ಚಿಕಿತ್ಸಾ ಸೇವೆಗೆ ಮೆಡಿಕೇಡ್ ಹಣ ನೀಡಬಹುದೆಂದು 1988ರ ಕಾನೂನು ಸ್ಪಷ್ಟಪಡಿಸಿತು. ಆದರೆ ಎಲ್ಲರಿಗೂ ಉಚಿತವಾಗಿ ನೀಡುವ ಸೇವೆಗೆ ವಿಮೆಯಿಂದ ಹಣ ಕೇಳುವಂತಿಲ್ಲವೆಂಬ ನಿಯಮವು ಬಹುಕಾಲ ಅಡ್ಡಿಯಾಗಿತ್ತು. 2014ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಡಲಾಯಿತು. ಅಲ್ಲಿನ ಶಾಲೆಗಳು ಪ್ರತಿ ಸೇವೆಗೂ ದಾಖಲೆ ಬರೆದು ಹಣ ಕೇಳಬೇಕಾಗುತ್ತದೆ. ಬರವಣಿಗೆಯ ಈ ಹೊರೆಯನ್ನು ಸಣ್ಣ ಶಾಲೆಗಳು ಹೊರಲಾರವೆಂಬುದು ಆ ಕ್ರಮದ ದೊಡ್ಡ ದೋಷ.

ಈಜಿಪ್ಟ್ ದೇಶವು 1992ರ ಕಾನೂನಿನ ಮೂಲಕ ವಿದ್ಯಾರ್ಥಿಗಳಿಗಾಗಿಯೇ ಪ್ರತ್ಯೇಕ ವಿಮೆಯನ್ನು ತಂದಿತು. ಪಾಲಕರ ಅಲ್ಪ ವಂತಿಗೆ ಹಾಗೂ ಸರ್ಕಾರದ ಅನುದಾನದ ಜೊತೆಗೆ ಸಿಗರೇಟಿನ ಮೇಲೆ ವಿಧಿಸಿದ ತೆರಿಗೆಯೂ ಅದರ ನಿಧಿಗೆ ಸೇರಿತು. ಆದರೆ ಆ ವಿಮೆ ಶಾಲೆಗೆ ದಾಖಲಾದ ಮಕ್ಕಳಿಗೆ ಮಾತ್ರ ಲಭ್ಯವಿದ್ದುದರಿಂದ, ಶಾಲೆಯ ಹೊರಗೇ ಉಳಿದ ಕಡುಬಡವರ ಮಕ್ಕಳು ವಿಮೆಯ ಹೊರಗೂ ಉಳಿದರು. ವಲಸೆ ಕಾರ್ಮಿಕರ ಮಕ್ಕಳ ಬಗ್ಗೆ ಆಲೋಚಿಸುವ ನಮಗೆ ಇದು ಎಚ್ಚರಿಕೆಯ ಪಾಠ.

ವಿಯೆಟ್ನಾಂ ದೇಶದ ಕ್ರಮ ಇನ್ನೂ ಸರಳವಾದುದು. 2008ರ ಆರೋಗ್ಯ ವಿಮಾ ಕಾನೂನಿನಂತೆ 2010ರಿಂದ ಅಲ್ಲಿ ವಿದ್ಯಾರ್ಥಿಗಳಿಗೆ ವಿಮೆ ಕಡ್ಡಾಯವಾಯಿತು. ಸಂಗ್ರಹವಾದ ವಿದ್ಯಾರ್ಥಿ ವಂತಿಗೆಯ ಒಂದು ಗೊತ್ತಾದ ಪಾಲು, ಪ್ರಾಥಮಿಕ ಚಿಕಿತ್ಸೆ ಮತ್ತು ಔಷಧಿಗಾಗಿ, ಆರೋಗ್ಯ ಸಿಬ್ಬಂದಿ ಮತ್ತು ಕೊಠಡಿಯುಳ್ಳ ಶಾಲೆಗಳಿಗೇ ಮರಳುವ ವ್ಯವಸ್ಥೆಯನ್ನು ಅಲ್ಲಿ ರೂಪಿಸಲಾಯಿತು. ಒಂದೊಂದು ಮಾತ್ರೆಗೂ ಲೆಕ್ಕ ಬರೆದು ಹಣ ಕೇಳುವ ಅಗತ್ಯ ಅಲ್ಲಿಲ್ಲ.

ನಮ್ಮಲ್ಲಿ ಏನಾಗಬಹುದು

ನಮ್ಮ 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಆರೋಗ್ಯಕ್ಕಾಗಿ ಮೀಸಲಿಡುವ ಸಂಪನ್ಮೂಲದ ಮೂರನೆಯ ಎರಡರಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಭಾಗ ಪ್ರಾಥಮಿಕ ಆರೋಗ್ಯಕ್ಕೆ ಸಲ್ಲಬೇಕೆಂದು ಹೇಳಿದೆ. ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ನನ್ನ ವೈಯಕ್ತಿಕ ಅಭಿಪ್ರಾಯವಾಗಿ ತಮ್ಮ ಮುಂದಿಡಬಯಸುತ್ತೇನೆ.

ಮೊದಲನೆಯದಾಗಿ, ಶಾಲಾ ತಪಾಸಣೆಯು ಆಯವ್ಯಯದ ಹಣದಿಂದಲೇ ನಡೆಯುವುದು ಉಚಿತ. ತಪಾಸಣೆಯು ಎಲ್ಲ ಮಕ್ಕಳಿಗೂ ಬೇಕಾದದ್ದು. ಯಾರ ಬಳಿ ಕಾರ್ಡಿದೆ, ಯಾರ ಬಳಿ ಇಲ್ಲ ಎಂದು ತರಗತಿಯಲ್ಲಿ ಸಾಲು ಬೇರ್ಪಡಿಸುವಂತಾಗಬಾರದು. ಆದರೆ ವಿಮಾ ನಿಧಿಯಿಂದ ಒಂದು ಸಣ್ಣ ಪಾಲನ್ನು ರೋಗ ತಡೆಗಾಗಿ ಮೀಸಲಿಟ್ಟು ಶಾಲೆಗಳಿಗೆ ತಲಾವಾರು ಒದಗಿಸಿದಲ್ಲಿ, ವರ್ಷಕ್ಕೊಮ್ಮೆ ಬರುವ ತಂಡವು ಎರಡು ಸಲ ಬರಬಹುದು. ಜಾತ್ರೆಗೆ ಹೋದ ಮಗು ಒಂದು ವರ್ಷ ಕಾಯಬೇಕಾಗುವುದಿಲ್ಲ.

ಎರಡನೆಯದಾಗಿ, ತಂಡವು ನೀಡುವ ಶಿಫಾರಸು ಚೀಟಿಯೇ ವಿಮಾ ಯೋಜನೆಯ ಆಸ್ಪತ್ರೆಗೆ ಪ್ರವೇಶಪತ್ರವಾಗಬೇಕು. ಹೃದಯದ ದೋಷವೆಂದು ಶಾಲೆಯಲ್ಲಿ ಗುರುತಿಸಿದ ಮೇಲೂ ಪಾಲಕರು ಕಚೇರಿಯಿಂದ ಕಚೇರಿಗೆ ಅಲೆಯುವಂತಾದರೆ ಎರಡು ಒಳ್ಳೆಯ ಯೋಜನೆಗಳ ನಡುವೆ ಮಗು ಕಳೆದುಹೋಗುತ್ತದೆ.

ಮೂರನೆಯದಾಗಿ, ಭಾಷೆ. ಪುಣೆಯ ಕಾಮಗಾರಿಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕುಟುಂಬಗಳು ದುಡಿಯುತ್ತಿವೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳೇ ಇವೆ. ಶಿಫಾರಸು ಚೀಟಿಯ ಮರಾಠಿಯನ್ನು ಓದಲಾರದ ತಾಯಿಗೆ ಅದು ಕೇವಲ ಒಂದು ಕಾಗದ. ಅದನ್ನು ಆಕೆಯ ಭಾಷೆಯಲ್ಲಿ ಒದಗಿಸುವ ವೆಚ್ಚ ಅತ್ಯಲ್ಪ. ಒದಗಿಸದಿದ್ದಲ್ಲಿ ಆಗುವ ನಷ್ಟ ಅಲ್ಪವಲ್ಲ.

ಪಾಲಕರು ಗಮನಿಸಬೇಕಾದ ಅಂಶಗಳು

ಸುಧಾರಣೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಈಗಿರುವ ಸೌಲಭ್ಯಗಳನ್ನು ಪಡೆಯಲು ಕೆಳಗಿನ ಅಂಶಗಳು ತಮ್ಮ ನೆನಪಿನಲ್ಲಿರಲಿ.

ಮಗುವಿನ ಹೆಸರನ್ನು ತಪ್ಪದೆ ಸಮೀಪದ ಶಾಲೆಯಲ್ಲಿ ಅಥವಾ ಅಂಗನವಾಡಿಯಲ್ಲಿ ದಾಖಲಿಸಿರಿ. ತಪಾಸಣೆಯ ಬಾಗಿಲು ತೆರೆಯುವುದು ಅಲ್ಲಿಯೇ.

ವೈದ್ಯರ ತಂಡ ಯಾವಾಗ ಬರುತ್ತದೆಂದು ಮುಖ್ಯೋಪಾಧ್ಯಾಯರನ್ನು ಮುಂಚಿತವಾಗಿ ಕೇಳಿರಿ. ಆ ದಿನ ಮಗು ಗೈರುಹಾಜರಾಗಿದ್ದರೆ, ತಂಡವು ಮುಂದೆ ಯಾವ ಶಾಲೆಗೆ ಹೋಗಲಿದೆಯೆಂದು ವಿಚಾರಿಸಿ ಅಲ್ಲಿಗೆ ಕರೆದೊಯ್ಯಲು ಅನುಮತಿ ಕೇಳಿರಿ.

ತಂಡವು ನೀಡಿದ ಚೀಟಿಯನ್ನು ಜೋಪಾನವಾಗಿಡಿರಿ. ಬೇರೆ ಊರಿಗೆ ಹೋಗುವಾಗ ಶಾಲೆಯ ವರ್ಗಾವಣೆ ಪತ್ರದೊಂದಿಗೆ ಅದನ್ನೂ ಒಯ್ಯಿರಿ.

ಕರ್ನಾಟಕದಲ್ಲಿ ಪಡೆದ ಆಯುಷ್ಮಾನ್ ಕಾರ್ಡನ್ನು ಇಲ್ಲಿ ಬಿಸಾಡಬೇಡಿರಿ. ಕೇಂದ್ರ ಯೋಜನೆಯ ಅರ್ಹ ಕುಟುಂಬಗಳು, ಯೋಜನೆಗೆ ಸೇರಿದ ಇತರ ರಾಜ್ಯಗಳ ನೋಂದಾಯಿತ ಆಸ್ಪತ್ರೆಗಳಲ್ಲಿಯೂ ನಗದುರಹಿತ ಚಿಕಿತ್ಸೆ ಪಡೆಯಬಹುದು. ಕಾರ್ಡಿನಲ್ಲಿ ಮಕ್ಕಳ ಹೆಸರು ಸೇರಿದೆಯೇ ಎಂದು ಪರಿಶೀಲಿಸಿರಿ. ಹೊಸದಾಗಿ ಹುಟ್ಟಿದ ಮಗುವನ್ನು ಸೇರಿಸಿರಿ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಅಥವಾ 14555 ಎಂಬ ಉಚಿತ ದೂರವಾಣಿ ಸಂಖ್ಯೆಯನ್ನು ಸಂಪರ್ಕಿಸಿ ತಮ್ಮ ಅರ್ಹತೆಯನ್ನು ಮೊದಲೇ ಖಚಿತಪಡಿಸಿಕೊಳ್ಳಿರಿ.

ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಿ. ಕಟ್ಟಡ ನಿರ್ಮಾಣದ ವೆಚ್ಚದ ಮೇಲೆ ವಿಧಿಸುವ ಉಪಕರದಿಂದ ಬಂದ ನಿಧಿ ತಮ್ಮ ದುಡಿಮೆಯ ಫಲವೇ ಆಗಿದ್ದು, ಮಕ್ಕಳ ಶಿಕ್ಷಣ ಮತ್ತು ಚಿಕಿತ್ಸೆಯ ಸಹಾಯಕ್ಕೂ ಅದರಲ್ಲಿ ಅವಕಾಶವಿದೆ.

ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಪುಸ್ತಕವನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುವ ಮಗು, ಕರೆದರೆ ತಿರುಗಿ ನೋಡದ ಮಗು, ಆಟದ ವೇಳೆ ಮೂಲೆಯಲ್ಲಿ ಕುಳಿತು ಏದುಸಿರು ಬಿಡುವ ಮಗು ಇವರನ್ನು ದಡ್ಡರೆಂದೋ ಸೋಮಾರಿಗಳೆಂದೋ ಭಾವಿಸುವ ಮುನ್ನ ಒಮ್ಮೆ ಪಾಲಕರೊಂದಿಗೆ ಮಾತನಾಡಿರಿ. ವರ್ಷಕ್ಕೊಮ್ಮೆ ಬರುವ ತಂಡಕ್ಕಿಂತ ದಿನವೂ ನೋಡುವ ನಿಮ್ಮ ಕಣ್ಣು ಹೆಚ್ಚು ಸೂಕ್ಷ್ಮವಾದುದು.

ಮಹನೀಯರೇ, ಮಹಾರಾಷ್ಟ್ರದ ಆರೋಗ್ಯ ಯೋಜನೆಗೆ ಜೋತಿಬಾ ಫುಲೆಯವರ ಹೆಸರನ್ನಿಟ್ಟಿರುವುದು ಅತ್ಯಂತ ಔಚಿತ್ಯಪೂರ್ಣವಾದುದು. ಆ ಹೆಸರಿನ ಕಾರ್ಡು ಆಸ್ಪತ್ರೆಯ ಬಾಗಿಲಿನಲ್ಲಿ ಮಗುವನ್ನು ಬರಮಾಡಿಕೊಳ್ಳುತ್ತದೆ. ಆದರೆ ರೋಗಿಯಾದ ಬಾಲಕನನ್ನು ಮುಂಢವಾದಿಂದ ಆ ಬಾಗಿಲಿನವರೆಗೆ ಹೊತ್ತು ತಂದವರು ಸಾವಿತ್ರಿಬಾಯಿಯವರು. ಶಾಲೆಯಿಂದ ಆಸ್ಪತ್ರೆಯವರೆಗಿನ ಆ ದಾರಿಗೂ ಹಣ, ಸಿಬ್ಬಂದಿ ಮತ್ತು ಗಮನ ಸಲ್ಲಬೇಕು. ಅದು ಸಲ್ಲುವಂತೆ ಕೇಳುವುದು ನಮ್ಮೆಲ್ಲರ ಹಕ್ಕು. ಅದು ಸಲ್ಲುವವರೆಗೆ ನೆರೆಯ ಮಗುವಿನ ಕೈಹಿಡಿದು ನಡೆಸುವುದು ನಮ್ಮೆಲ್ಲರ ಕರ್ತವ್ಯ.